ಮನೆಯಲ್ಲಿ ಹಾಡು ಕೇಳಲು 3000 ರೂಪಾಯಿ ಒಳಗೆ ಬ್ಲೂಟೂತ್ ಹೆಡ್‌ಫೋನ್ ತಗೊಳ್ಳಲಾ, ವೈರ್ ಇರುವುದಾ?

ವೈರ್ ಇರುವುದನ್ನೇ ತಗೊಳ್ಳಿ. ರಾತ್ರಿ ಊಟ ಆದಮೇಲೆ ಕುರ್ಚಿಯಲ್ಲಿ ಕೂತು ಸಂಗೀತ ಕಚೇರಿ, ಹಳೇ ಚಿತ್ರಗೀತೆ ಕೇಳ್ತೀನಿ ಅಂದಿದ್ದೀರಿ, ಅದಕ್ಕೆ ಬ್ಲೂಟೂತ್ ಯಾಕೆ? ಆ ಮೂರು ಸಾವಿರದಲ್ಲಿ ಬ್ಯಾಟರಿ, ಮೈಕು, ಬ್ಲೂಟೂತ್ ಚಿಪ್ಪು ಎಲ್ಲವೂ ಪಾಲು ಕೇಳುತ್ತವೆ, ಸದ್ದು ಹೊರಡಿಸುವ ಭಾಗಕ್ಕೆ ಉಳಿಯುವುದು ಚೂರುಪಾರು. ಬ್ಯಾಟರಿ ಸೊರಗಿದ ದಿನ ಎಷ್ಟೋ ಸಲ ಇಡೀ ಹೆಡ್‌ಫೋನೇ ಮೂಲೆ ಸೇರುತ್ತದೆ. ನನ್ನ ವೈರಿನದಕ್ಕೆ ಎಂಟು ವರ್ಷ ಆಯಿತು, ಕಿವಿ ಕುಶನ್ ಮಾತ್ರ ಎರಡು ಸಲ ಬದಲಾಯಿಸಿದ್ದೇನೆ.

ಇನ್ನು ಬಾಸ್, ಅಂದರೆ ದಪ್ಪ ಸದ್ದಿನ ವಿಷಯ. ನಾನು ಮೊದಲ ಸಲ ಮೋಸ ಹೋದದ್ದೇ ಡಬ್ಬದ ಮೇಲೆ ದಪ್ಪಕ್ಷರದಲ್ಲಿದ್ದ 'ಎಕ್ಸ್‌ಟ್ರಾ ಬಾಸ್' ನೋಡಿ. ಮನೆಗೆ ತಂದು ಒಂದು ಕಚೇರಿ ಹಾಕಿದೆ. ಮೃದಂಗದ ಎಡಗಡೆ ಧುಂ ಧುಂ ಅಂತ ತಲೆಯೊಳಗೆಲ್ಲ ತುಂಬಿಕೊಂಡಿತು, ಪಿಟೀಲು ಪಕ್ಕದ ಮನೆಯಿಂದ ಬರುತ್ತಿರುವ ಹಾಗಿತ್ತು, ತಂಬೂರಿಯಂತೂ ಇದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಅವತ್ತಿನಿಂದ ಅಂಗಡಿಗೆ ಹೋದರೆ ಅದೇ ಕಚೇರಿಯನ್ನು ನನ್ನ ಫೋನಿನಿಂದಲೇ ಹಾಕಿ ನೋಡುತ್ತೇನೆ. ಗಾಯಕರು ಉಸಿರು ತಗೊಳ್ಳುವ ಸಂದಿಯಲ್ಲಿ ತಂಬೂರಿ ಕೇಳಿಸಬೇಕು, ಮೃದಂಗದ ಬಲಗಡೆಯ ಏಟು ಒಂದೊಂದೂ ಬಿಡಿಬಿಡಿಯಾಗಿ ಬರಬೇಕು. ಅಷ್ಟಿದ್ದರೆ ಸಾಕು. 40,000 ಹರ್ಟ್ಜ್‌ನಷ್ಟು ಕೀರಲು ಸದ್ದಿನ ತನಕ ಬರುತ್ತದೆ ಅಂತ ಡಬ್ಬದ ಮೇಲೆ ಹಾಕಿದ್ದರೆ ಸುಮ್ನೆ ನಕ್ಕುಬಿಡಿ. ಮನುಷ್ಯರ ಕಿವಿಗೆ 20,000ವೇ ಹೆಚ್ಚು, ನಮ್ಮ ವಯಸ್ಸಿಗೆ ಅದೂ ಇಲ್ಲ.

ಮನೆಯಲ್ಲಿ ಗಲಾಟೆ ಇದೆಯಾ? ಟಿವಿ, ಕುಕ್ಕರ್ ಸೀಟಿ ಮಧ್ಯೆ ಕೇಳುವುದಾದರೆ ಕಿವಿಯನ್ನು ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಬೇಕು. ಒಬ್ಬರೇ ಕೂರುವ ರೂಮಿದ್ದರೆ ಓಪನ್ ಬ್ಯಾಕ್ ನೋಡಿ. ಅದರ ಹಿಂಭಾಗ ಜಾಲರಿಯ ಹಾಗೆ ತೆರೆದಿರುತ್ತದೆ, ಹಾಡು ತಲೆಯೊಳಗೆ ಅಲ್ಲ, ಎದುರಿಗೆ ಸ್ವಲ್ಪ ದೂರದಲ್ಲಿ ನಡೆಯುತ್ತಿರುವ ಹಾಗೆ ಅನಿಸುತ್ತದೆ, ಆದರೆ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸಿ ಬೈಸಿಕೊಳ್ಳುತ್ತೀರಿ. 1984ರಿಂದ ಬರುತ್ತಿರುವ ಕಾಸ್ ಪೋರ್ಟಾ ಪ್ರೋ ಈ ಥರದ್ದು, ಪುಟ್ಟದು, ಹಗುರ. ಮುಚ್ಚಿದ್ದರಲ್ಲಿ ಬಜೆಟ್ ಸ್ವಲ್ಪ ಏರಿಸಿದರೂ ಪರವಾಗಿಲ್ಲ ಅನ್ನುವುದಾದರೆ ಆಡಿಯೋ ಟೆಕ್ನಿಕಾ ಎಂ20ಎಕ್ಸ್ ನೋಡಿ. ಮೂರು ಮೀಟರ್ ವೈರು, ಕಾಲಿಗೆ ತೊಡರುತ್ತದೆ, ಆದರೆ ಗಾಯಕರ ದನಿ ಚೊಕ್ಕ. ಬೆಲೆ ದಿನಕ್ಕೊಂದು ಥರ ಇರುವುದರಿಂದ ಆಫರ್ ಕಾದು ತಗೊಳ್ಳಿ.

ಕನ್ನಡಕ ಹಾಕುತ್ತೀರಾ? ಹಾಗಾದರೆ ಕಿವಿಯ ಮೇಲೆ ಕೂರುವ ಚಿಕ್ಕ ಕುಶನ್ನಿನದು ಕೊಳ್ಳುವ ಮುಂಚೆ ಕನ್ನಡಕದ ಸಮೇತ ಇಪ್ಪತ್ತು ನಿಮಿಷ ಹಾಕಿಕೊಂಡು ನೋಡಿ. ಅದು ಕಿವಿಯನ್ನು ಕನ್ನಡಕದ ಕಡ್ಡಿಗೆ ಒತ್ತುತ್ತದೆ. ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಏನೂ ಗೊತ್ತಾಗಲ್ಲ, ಮನೆಯಲ್ಲಿ ಮೂರನೇ ಹಾಡಿಗೆ ಕಿವಿ ಸುಡುತ್ತದೆ.

ಫೋನಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ 3.5 ಎಂಎಂ ತೂತು ಇಲ್ಲ ಅಂದರೆ ಟೈಪ್ ಸಿ ಕನೆಕ್ಟರ್ ಬೇಕಾಗುತ್ತದೆ. ಒಳಗೆ ಡ್ಯಾಕ್, ಅಂದರೆ ಫೋನಿನ ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಚಿಪ್ಪು, ಇರುವುದನ್ನೇ ಕೇಳಿ ತಗೊಳ್ಳಿ. ನಾನು ಫುಟ್‌ಪಾತಿನಲ್ಲಿ ಸಿಕ್ಕ, ಡ್ಯಾಕ್ ಇಲ್ಲದ ಅಗ್ಗದ್ದು ತಂದಿದ್ದೆ, ನನ್ನ ಫೋನಿಗೆ ಸಿಕ್ಕಿಸಿದರೆ ಸದ್ದೇ ಇಲ್ಲ, ತಂಗಿಯ ಫೋನಿಗೆ ಚೆನ್ನಾಗಿಯೇ ನಡೆಯಿತು. ಅವಳೇ ಇಟ್ಟುಕೊಂಡಳು.