ಪ್ರತಿಕ್ರಿಯೆ: ಕಾರಿನ ವೇಗ ಗಂಟೆಗೆ 90 ಕಿ.ಮೀ. ದಾಟಿದರೆ ಕನ್ನಡಿ ಬಳಿ ಸಿಳ್ಳೆ, ಹಿಂದಿನಿಂದ ಗುಂಯ್‌ಗುಡುವಿಕೆ

ನೀವು ಹೇಳಿದ ಎರಡು ಸದ್ದುಗಳಿಗೆ ಮೂಲ ಬೇರೆ ಬೇರೆ. ಹಾಗಾಗಿ ಇಡೀ ಕಾರಿಗೆ ಡ್ಯಾಂಪಿಂಗ್ ಶೀಟ್ (ಲೋಹದ ಕಂಪನ ತಗ್ಗಿಸುವ ಹಾಳೆ) ಹಾಕಿಸಲು ಈಗಲೇ ಹೋಗಬೇಡಿ. ಸಿಳ್ಳೆಗೆ ಅದರಿಂದ ಏನೂ ಆಗದು.

ಮೊದಲು ಸಿಳ್ಳೆ. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ತಂದು ಕನ್ನಡಿಯ ಬುಡ, ಡೋರಿನ ಮೇಲಂಚು, ಮುಂಗಾಜಿನ ಅಂಚು ಹೀಗೆ ಒಂದೊಂದನ್ನೇ ಮುಚ್ಚಿ, ಪ್ರತಿ ಸಲ ಅದೇ ರಸ್ತೆ, ಅದೇ ವೇಗದಲ್ಲಿ ಓಡಿಸಿ. ಯಾವುದನ್ನು ಮುಚ್ಚಿದಾಗ ಸದ್ದು ನಿಲ್ಲುತ್ತದೋ ಅಲ್ಲೇ ಸೋರಿಕೆ. ಸೋರಿಕೆ ಡೋರ್ ಸೀಲ್‌ನಲ್ಲಿ (ಬಾಗಿಲಂಚಿನ ರಬ್ಬರ್ ಪಟ್ಟಿಯಲ್ಲಿ) ಆದರೆ ಅಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ಒತ್ತಡ ಸಾಲದು. ಸೀಲ್ ತೊಳೆದು ಸಿಲಿಕಾನ್ ಗ್ರೀಸ್ ಹಚ್ಚಿ. ಸಾಲದಿದ್ದರೆ ಸ್ಟ್ರೈಕರ್‌ನ (ಬಾಗಿಲಿನ ಚಿಲಕ ಸಿಕ್ಕಿಕೊಳ್ಳುವ ಕೊಂಡಿಯ) ಹಳೆಯ ಜಾಗ ಗುರುತು ಹಾಕಿಕೊಂಡು ಅರ್ಧ ಮಿ.ಮೀ. ಒಳಗೆ ಸರಿಸಿ. ಅತಿಯಾದರೆ ಬಾಗಿಲು ಬಡಿದೇ ಹಾಕಬೇಕಾಗುತ್ತದೆ. ಮುಂಗಾಜು ಬದಲಾಗಿದ್ದರೆ ಅದು ಅಕೌಸ್ಟಿಕ್ (ಸದ್ದು ತಗ್ಗಿಸುವ) ಗಾಜೇ ಎಂದು ಮೂಲೆಯ ಮುದ್ರೆ ನೋಡಿ. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಗುಂಯ್ ಸದ್ದು ರಸ್ತೆ ಬದಲಾದಂತೆ ಬದಲಾದರೆ ಟೈರ್‌ನದು. ಟೈರ್‌ನ ಟ್ರೆಡ್ (ರಸ್ತೆಗೆ ತಾಗುವ ಮೈ) ಮೇಲೆ ಅಂಗೈ ಆಡಿಸಿ. ಗರಗಸದ ಹಲ್ಲಿನಂತೆ ತಾಗಿದರೆ ಸವೆತ ಏರುಪೇರಾಗಿದೆ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸದೆ ಹೊಸ ಟೈರ್ ಹಾಕಿದರೂ ಮತ್ತೆ ಅದೇ ಕತೆ. ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟೈರ್‌ಗಳ ಪಕ್ಕದ ಗೋಡೆ ಗಡುಸು, ಸದ್ದೂ ಹೆಚ್ಚು. ಆದರೆ ಸ್ಟೀರಿಂಗ್ ತುಸು ತಿರುಗಿಸಿ ಕಾರನ್ನು ಎಡಬಲಕ್ಕೆ ವಾಲಿಸಿದಾಗ ಸದ್ದು ಏರಿಳಿದರೆ ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಿಸುವ ಭಾಗ) ಮೇಲೆ ಅನುಮಾನಪಡಿ, ಅದನ್ನು ಮುಂದೂಡಬೇಡಿ.

ಇಷ್ಟಾದ ಮೇಲೂ ಬೇಕೆನಿಸಿದರೆ ಹಿಂದಿನ ವೀಲ್ ಆರ್ಚ್‌ಗೆ (ಚಕ್ರದ ಮೇಲಿನ ಕಮಾನಿಗೆ) 2 ಮಿ.ಮೀ. ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಸಾಕು. ಡೋರ್ ಬಿಚ್ಚಿದರೆ ಕೆಳಗಿನ ನೀರಿನ ತೂತು ಮುಚ್ಚಬೇಡಿ. ಡೋರಿನ ಒಳಹಲಗೆಯ ಹಿಂದೆ ಅಂಟಿಸಿರುವ ತೆಳು ಪದರವನ್ನು ಸಂದಿಯಿಲ್ಲದೆ ಮೊದಲಿನಂತೆಯೇ ಅಂಟಿಸಿ: ಹಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್‌ನ ಸೆನ್ಸರ್ ಡೋರಿನೊಳಗಿನ ಗಾಳಿಯ ಒತ್ತಡವನ್ನೇ ಅಳೆಯುತ್ತದೆ.