ಮೈಕ್ ಕಂಡರೆ ಗಂಟಲು ಒಣಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 43 ವರ್ಷ. ಬ್ಯಾಂಕ್ ಕೆಲಸ. ಅಡುಗೆಮನೆಯಲ್ಲಿ, ಸ್ಕೂಟರ್ ಮೇಲೆ ಚೆನ್ನಾಗಿಯೇ ಹಾಡಿಕೊಳ್ಳುತ್ತೇನೆ. ನಾಲ್ಕು ಜನ ಎದುರಿಗೆ ಕೂತರೆ ಮುಗೀತು, ಗಂಟಲು ಒಣಗಿ ಕೈ ನಡುಗುತ್ತದೆ. ಐದನೇ ಕ್ಲಾಸಿನಲ್ಲಿದ್ದಾಗ ಪ್ರಾರ್ಥನೆಯ ಹೊತ್ತಿನಲ್ಲಿ ಅಕ್ಕೋರೊಬ್ಬರು ‘ನೀ ಸುಮ್ನೆ ಬಾಯಿ ಆಡಿಸು ಸಾಕು’ ಅಂದಿದ್ದರು. ಹೋದ ವರ್ಷ ತಂಗಿಯ ಕುಬಸದಲ್ಲಿ (ಸೀಮಂತ) ಎಲ್ಲರ ಒತ್ತಾಯಕ್ಕೆ ಶುರು ಮಾಡಿ, ಪಲ್ಲವಿಗೇ ನಿಲ್ಲಿಸಿಬಿಟ್ಟೆ. ಈಗ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಕರೋಕೆಯಲ್ಲಿ ಒಂದು ಭಾವಗೀತೆ ಹಾಡಿ ಎನ್ನುತ್ತಿದ್ದಾರೆ. ಭಯಕ್ಕೆ ಮಾತ್ರೆ ಸಿಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ತಗೊಳ್ಳಲೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಹಾಡಿ. ಖಂಡಿತ ಹಾಡಿ. ದೊಡ್ಡವರಿಗೆ ಹಾಡು ಕಲಿಸುವುದೇ ನನ್ನ ಕೆಲಸ. ಹೊಸದಾಗಿ ಬರುವವರಲ್ಲಿ ಎಷ್ಟೋ ಜನ ಇಂಥದ್ದೇ ಒಂದು ಮಾತನ್ನು ಹೊತ್ತು ಬರುತ್ತಾರೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಐದನೇ ಕ್ಲಾಸಿನ ಮಗು ಸ್ವರ ತಪ್ಪಿದರೆ ಕಲಿಸಿಕೊಡಬೇಕು, ಬಾಯಿ ಮುಚ್ಚಿಸಬಾರದು. ಸ್ವರವೇ ತಿಳಿಯದಂಥ ಕಿವಿ ಇರುವವರು ತೀರಾ ಅಪರೂಪ.

ಕುಬಸದ ದಿನ ಏನಾಯಿತು ನೋಡೋಣ. ಹೆದರಿದಾಗ ಅಡ್ರಿನಲಿನ್ ಹರಿಯುತ್ತದೆ. ಎದೆ ಬಡಿತ ಏರುತ್ತದೆ, ಬಾಯಿಯ ಜೊಲ್ಲು ಕಡಿಮೆಯಾಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಸಾಲಿನ ಕೊನೆಯ ಪದಕ್ಕೆ ಗಾಳಿಯೇ ಉಳಿಯುವುದಿಲ್ಲ. ಇನ್ನೊಂದು ಕೇಳುತ್ತೇನೆ: ಅವತ್ತು ಶ್ರುತಿ, ಅಂದರೆ ಹಾಡಿಗೆ ಆಧಾರವಾಗುವ ಸ್ವರ, ಯಾರು ಕೊಟ್ಟರು? ಯಾರೂ ಕೊಟ್ಟಿರಲಿಕ್ಕಿಲ್ಲ ಅಲ್ವಾ? ಗಾಬರಿಯಲ್ಲಿ ಎತ್ತಿಕೊಂಡ ಹಾಡು ಎಷ್ಟೋ ಸಲ ಒಂದೆರಡು ಮನೆ (ಶ್ರುತಿಯ ಮೆಟ್ಟಿಲು) ಮೇಲೇ ಇರುತ್ತದೆ. ಪಲ್ಲವಿ ಹೇಗೋ ದಾಟುತ್ತದೆ. ಚರಣದ ತಾರಸ್ಥಾಯಿ, ಅಂದರೆ ಎತ್ತರದ ಸ್ವರಗಳು, ಎದುರಿಗೆ ಬಂದಾಗ ಗಂಟಲಿಗೆ ಮೊದಲೇ ಗೊತ್ತಾಗುತ್ತದೆ, ಇದು ಮುಟ್ಟದು ಅಂತ. ನೀವು ನಿಲ್ಲಿಸಿದ್ದು ಅಲ್ಲೇ ಅಂತ ನನ್ನ ಊಹೆ.

ಹಾಗಾಗಿ ಧೈರ್ಯದ ಮಾತಿಗಿಂತ ಮೊದಲು ಶ್ರುತಿ. ಕರೋಕೆ ಟ್ರ್ಯಾಕ್ ಸಾಮಾನ್ಯವಾಗಿ ಮೂಲ ಗಾಯಕರ ಶ್ರುತಿಯಲ್ಲೇ ಇರುತ್ತದೆ, ನಿಮ್ಮದರಲ್ಲಲ್ಲ. ಶ್ರುತಿ ಏರಿಸಿ ಇಳಿಸುವ ಆ್ಯಪ್‌ಗಳು ಫೋನಿನಲ್ಲೇ ಸಿಗುತ್ತವೆ. ಒಂದೊಂದು ಸಲ ಒತ್ತಿದಾಗ ಸಾಮಾನ್ಯವಾಗಿ ಅರ್ಧ ಮನೆ ಇಳಿಯುತ್ತದೆ. ಟ್ರ್ಯಾಕ್ ಆರನೇ ಮನೆಯಲ್ಲಿದ್ದರೆ ಎರಡು ಸಲ ಒತ್ತಿ ಐದಕ್ಕೆ ತನ್ನಿ. ಸರಿಯಾಯಿತಾ ಅಂತ ತಿಳಿಯಲು ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ಎರಡು ಮಹಡಿ ಮೆಟ್ಟಿಲು ಹತ್ತಿ ಬನ್ನಿ, ಏದುಸಿರು ಇರುವಾಗಲೇ ಚರಣದ ಅತಿ ಎತ್ತರದ ಸಾಲನ್ನು ಹಾಡಿ. ಆಗಲೂ ಕಿರುಚದೆ ಬಂದರೆ ಅದೇ ನಿಮ್ಮ ಶ್ರುತಿ. ವೇದಿಕೆ ಮೇಲೆ ನಿಮ್ಮ ಉಸಿರು ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಆಮೇಲೆ ಎತ್ತುಗಡೆ. ಇಡೀ ಹಾಡನ್ನು ಮತ್ತೆ ಮತ್ತೆ ಹಾಡುವುದಕ್ಕಿಂತ, ಟ್ರ್ಯಾಕಿನ ಶುರುವಿನ ವಾದ್ಯದ ತುಣುಕಿನಿಂದ ಮೊದಲ ಸಾಲಿನವರೆಗೆ ಮಾತ್ರ ದಿನವೂ ಹಲವು ಸಲ ಮಾಡಿ. ನಿಂತುಕೊಂಡು, ಕೈಯಲ್ಲಿ ಸೌಟನ್ನೋ ಲಟ್ಟಣಿಗೆಯನ್ನೋ ಮೈಕಿನಂತೆ ಹಿಡಿದು. ಭಯ ಸಾಮಾನ್ಯವಾಗಿ ಹಾಡಿನ ಮುಂಚೆ ಮತ್ತು ಮೊದಲ ಸಾಲುಗಳಲ್ಲಿ ತುಂಬ ಜಾಸ್ತಿ. ಮುಂದುವರಿದರೆ ತಾನಾಗಿ ಇಳಿಯುತ್ತದೆ. ಇಳಿಯುವವರೆಗೆ ದಾಟಿಸಲು ಆ ಮೊದಲ ಸಾಲು ಕಣ್ಣು ಮುಚ್ಚಿದರೂ ಬರುವಂತಿರಬೇಕು.

ಕೇಳುಗರನ್ನು ಒಬ್ಬೊಬ್ಬರಾಗಿ ಸೇರಿಸಿಕೊಳ್ಳಿ. ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿ. ‘ಇದು ನನ್ನ ದನೀನಾ’ ಅಂತ ಬೇಸರವಾಗುತ್ತದೆ, ಆಗಲಿ. ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳುವುದರಿಂದ ಒಳಗೆ ದಪ್ಪ, ರೆಕಾರ್ಡಿನಲ್ಲಿ ತೆಳು. ಎಲ್ಲರಿಗೂ ಹಾಗೇ. ಅದನ್ನೇ ತಂಗಿಗೆ ಕಳಿಸಿ. ಆಮೇಲೆ ಪಕ್ಕದ ಮನೆಯ ಇಬ್ಬರ ಮುಂದೆ ಹಾಡಿ. ಕಾರ್ಯಕ್ರಮದ ದಿನ ಕುರ್ಚಿ ಹಾಕುವ ಹೊತ್ತಿಗೇ ಹೋಗಿ, ಖಾಲಿ ಹಾಲಿನಲ್ಲಿ ಮೈಕ್ ಹಿಡಿದು ನೋಡಿ. ಒಂದು ಸ್ಪೀಕರ್ ನಿಮ್ಮ ಕಡೆ ತಿರುಗಿಸಲು ಸೌಂಡಿನವರಿಗೆ ಹೇಳಿ. ನಿಮ್ಮ ದನಿ ನಿಮಗೇ ಕೇಳದಿದ್ದರೆ ಸ್ವರ ಜಾರುತ್ತದೆ.

ಸಾಹಿತ್ಯ ಬರೆದ ಹಾಳೆ ಎದುರಿಗಿರಲಿ. ಅಮೆರಿಕದ ಗಾಯಕಿ ಬಾರ್ಬರಾ ಸ್ಟ್ರೈಸೆಂಡ್ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಾಡಿನ ಸಾಲು ಮರೆತರು. ಆ ಭಯ ಎಷ್ಟು ಕಾಡಿತೆಂದರೆ, ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಟಿಕೆಟ್ಟಿನ ಕಾರ್ಯಕ್ರಮಗಳಿಂದ ಬಹುಮಟ್ಟಿಗೆ ದೂರ ಉಳಿದರು. ಮರಳಿ ಬಂದಾಗ ಸಾಲುಗಳನ್ನು ತೋರಿಸುವ ಪರದೆ ಇಟ್ಟುಕೊಂಡೇ ಹಾಡಿದರು. ಅಂಥವರೇ ಇಟ್ಟುಕೊಂಡ ಮೇಲೆ ನಿಮಗೇಕೆ ಸಂಕೋಚ?

ಹೆಸರು ಕೂಗುವ ಮೊದಲು ಬೆಚ್ಚಗಿನ ನೀರು ಒಂದು ಗುಟುಕು. ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಳ್ಳಿ, ಎಂಟು ಎಣಿಸುತ್ತ ಬಿಡಿ. ‘ಹೆದರಿಕೆ ಆಗ್ತಿದೆ’ ಅನ್ನುವ ಬದಲು ‘ಹಾಡೋಕೆ ಉತ್ಸಾಹ ಆಗ್ತಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. 2014ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಒಂದು ಅಧ್ಯಯನದಲ್ಲಿ ಹಾಗೆ ಹೇಳಿಕೊಂಡವರು ಕರೋಕೆಯಲ್ಲಿ ಇತರರಿಗಿಂತ ಚೆನ್ನಾಗಿ ಹಾಡಿದ್ದರು.

ಇನ್ನು ಮಾತ್ರೆ. ಎದೆ ಬಡಿತ, ಕೈ ನಡುಕ ತಗ್ಗಿಸುವ ಮಾತ್ರೆಗಳು ಇರುವುದು ನಿಜ. ಆದರೆ ಆಸ್ತಮಾ ಇರುವವರಿಗೆ ಅವು ಅಪಾಯಕಾರಿ. ಡಾಕ್ಟರು ಪರೀಕ್ಷಿಸಿ ಬರೆದುಕೊಡದೆ ಮುಟ್ಟಲೇಬೇಡಿ. ಒಂದು ಭಾವಗೀತೆಗೆ ಅದು ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಬ್ಯಾಂಕಿನ ಮೀಟಿಂಗಿನಲ್ಲಿ ಮಾತಾಡಲೂ ಹೀಗೇ ಆಗುತ್ತದೆ ಅನ್ನುವುದಾದರೆ ಬೇರೆ ಮಾತು. ಆಗ ನಿಮಗೆ ಹತ್ತಿರದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಒಮ್ಮೆ ಹೋಗಿ ಬನ್ನಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಸಂಗೀತ ಕ್ಲಾಸಿಗೆ ಖುಷಿಯಿಂದ ಹೋಗುತ್ತಾನೆ. ನೆಂಟರು ಬಂದಾಗ ಒಂದು ಹಾಡು ಹೇಳು ಎಂದರೆ ಕೋಣೆಗೆ ಓಡುತ್ತಾನೆ. ಹೇಗೆ ಸರಿಪಡಿಸುವುದು?
— ಒಬ್ಬ ತಂದೆ, ಪುತ್ತೂರು

ಉತ್ತರ: ನೆಂಟರ ಮುಂದೆ ಹಾಡು ಅನ್ನುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ಕ್ಲಾಸಿನ ಮಕ್ಕಳ ಜೊತೆ ಭಜನೆಯಲ್ಲಿ, ಗುಂಪಿನಲ್ಲಿ ಹಾಡಲಿ. ಮನೆಯಲ್ಲಿ ನೀವೂ ಅವನ ಜೊತೆ ಹಾಡಿ, ನಿಮ್ಮ ಸ್ವರ ಹೇಗಿದ್ದರೂ ಪರವಾಗಿಲ್ಲ. ಅವನು ಹಾಡುವಾಗ ಫೋನ್ ಎತ್ತಿ ವಿಡಿಯೋ ಮಾಡಬೇಡಿ.