ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಏಳು ಗಂಟೆ ಹಾಲ್ಟ್, ಏನ್ ಮಾಡೋದು?

ಅಣ್ಣ, ನಿಮ್ಮ ಪ್ರಶ್ನೆ ಈಗ ನೋಡ್ದೆ. ಜುಲೈನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಮಗನ ಮನೆ ಮುಗಿಸ್ಕೊಂಡು ಅಡಿಲೇಡ್‌ಗೆ ಹೋಗೋವಾಗ ದೇಶದ ನಡುವಿನ ಮರುಭೂಮಿ ಊರು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಇಳಿದು ಸಂಜೆ ನಾಲ್ಕಕ್ಕೆ ಮುಂದಿನ ಫ್ಲೈಟು, ಅಷ್ಟರಲ್ಲಿ ಆ ಕೆಂಪು ಬಂಡೆ ಉಲೂರು ನೋಡ್ಕೊಂಡು ಬರಬಹುದಾ ಅಂತ ಕೇಳಿದೀರ. ಆಗಲ್ಲ ಮಾರಾಯ್ರೆ. ಮ್ಯಾಪಲ್ಲಿ ಪಕ್ಕದಲ್ಲೇ ಇದ್ದಂಗೆ ಕಾಣತ್ತೆ, ರೋಡಲ್ಲಿ ಹತ್ರ ಹತ್ರ 450 ಕಿಲೋಮೀಟರ್, ನೀವು ಸಕಲೇಶಪುರದಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು, ಅದೂ ಒಂದು ಕಡೆಗೆ. ಉಲೂರು ನೋಡಲೇಬೇಕು ಅಂತಿದ್ರೆ ಅದರ ಪಕ್ಕದಲ್ಲೇ ಬೇರೆ ಏರ್‌ಪೋರ್ಟ್ ಇದೆ, ಇನ್ನೊಂದ್ಸಲ ಹೋದಾಗ ಅಲ್ಲಿಗೇ ಟಿಕೆಟ್ ಮಾಡ್ಸಿ. ಮೇಲೆ ಹತ್ತೋದನ್ನಂತೂ 2019ರ ಅಕ್ಟೋಬರ್‌ನಿಂದ ನಿಲ್ಸಿದಾರೆ.

ಇಲ್ಲಿ ಒಬ್ಬರು "ಮರುಭೂಮಿಯಲ್ಲಿ ಏನಿದೆ, ಟರ್ಮಿನಲ್ಲಲ್ಲೇ ಮಲ್ಕೊಳ್ಳಿ" ಅಂದಿದಾರಲ್ಲ, ಅದು ನಂಗೆ ಒಪ್ಪಿಗೆ ಇಲ್ಲ. ತೋಟ ಇರೋರಿಗೆ ಅಲ್ಲಿ ನೋಡೋಕೆ ಬೇಕಾದಷ್ಟಿದೆ, ಯಾಕಂದ್ರೆ ನಮ್ಮ ಮರಗಳ ದಾಯಾದಿಗಳೆಲ್ಲ ಅಲ್ಲೇ ಇರೋದು.

ಏರ್‌ಪೋರ್ಟಿಂದ ಊರು ಸುಮಾರು 15 ಕಿಲೋಮೀಟರ್. ಶಟಲ್ ವ್ಯಾನ್ ಇದೆ, ಟ್ಯಾಕ್ಸಿ ಇದೆ, ನಮ್ಮಲ್ಲಿ ಥರ ಹೊರಗೆ ಬಂದ ತಕ್ಷಣ ಹತ್ತು ಜನ ಮುತ್ತಿಕೊಳ್ಳಲ್ಲ ಅಷ್ಟೆ, ಹಾಗಾಗಿ ವಾಪಸ್ ಬರೋ ಟ್ಯಾಕ್ಸಿನೂ ಹೋಗುವಾಗಲೇ ಹೇಳಿಟ್ಕೊಳ್ಳಿ. ಎರಡೂ ಫ್ಲೈಟು ಒಂದೇ ಟಿಕೆಟಲ್ಲಿದ್ರೆ ಡಾರ್ವಿನ್ನಲ್ಲೇ ಬ್ಯಾಗಿಗೆ ಅಡಿಲೇಡ್‌ವರೆಗೂ ಟ್ಯಾಗ್ ಹಾಕೋಕೆ ಹೇಳಿ, ಇಲ್ಲಾಂದ್ರೆ ದಿನವಿಡೀ ಸೂಟ್‌ಕೇಸ್ ಎಳ್ಕೊಂಡು ಓಡಾಡ್ಬೇಕಾಗತ್ತೆ. ಇಳಿಯುವಾಗ ರನ್‌ವೇ ಆಚೆ ಸಾಲಾಗಿ ವಿಮಾನ ನಿಂತಿರೋದು ಕಾಣಬಹುದು. ಗಾಳಿ ಒಣ ಇದ್ರೆ ತುಕ್ಕು ಹಿಡಿಯಲ್ಲ ಅಂತ 2014ರಿಂದ ಅಲ್ಲಿ ವಿಮಾನ ತಂದು ನಿಲ್ಸೋ ಜಾಗ ಮಾಡಿದಾರೆ, ಕೊರೋನಾ ಟೈಮಲ್ಲಿ ದೊಡ್ಡ ದೊಡ್ಡ ಏ380ಗಳೂ ಬಂದು ಕೂತಿದ್ವು. ಒಂದು ಮಳೆಗಾಲಕ್ಕೆ ಸ್ಪ್ರೇಯರ್ ತುಕ್ಕು ಹಿಡಿಸ್ಕೊಳ್ಳೋ ನಮಗೆ ಇದು ಹೊಟ್ಟೆಕಿಚ್ಚಿನ ವಿಷಯ.

ಸೀದಾ ಆಲಿವ್ ಪಿಂಕ್ ಬೊಟಾನಿಕ್ ಗಾರ್ಡನ್‌ಗೆ ಹೋಗಿ. ಊರ ನಡುವಿಂದ ನಡ್ಕೊಂಡೇ ಹೋಗ್ಬಹುದು, ಟಿಕೆಟ್ ಇಲ್ಲ, ಡಬ್ಬಿಗೆ ಮನಸ್ಸಿಗೆ ಬಂದಷ್ಟು ಹಾಕೋದು. ಆಲಿವ್ ಪಿಂಕ್ ಅನ್ನೋ ಹೆಂಗಸು ಎಪ್ಪತ್ತು ದಾಟಿದ ಮೇಲೆ, 1956ರಲ್ಲಿ, ಆ ಕಲ್ಲುಗುಡ್ಡದ ಬುಡದಲ್ಲಿ ಮರ ಬೆಳೆಸೋಕೆ ಹೊರಟೋರು, 1975ರಲ್ಲಿ ಸಾಯೋವರೆಗೂ ಅದನ್ನೇ ಮಾಡಿದ್ರು. ಒಂದೊಂದು ಗಿಡಕ್ಕೆ ಒಬ್ಬೊಬ್ಬ ದೊಡ್ಡ ಮನುಷ್ಯನ ಹೆಸರಿಟ್ಟು, ಆ ಮನುಷ್ಯ ಏನಾದ್ರೂ ಸಿಟ್ಟು ಬರಿಸಿದ್ರೆ ಆ ಗಿಡಕ್ಕೆ ನೀರು ನಿಲ್ಲಿಸ್ತಿದ್ರಂತೆ. ನಮ್ಮಲ್ಲೂ ಕೆಲವು ಹೆಸರು ಇಡೋಕೆ ಗಿಡ ಸಾಲಲ್ಲ ಬಿಡಿ.

ಅಲ್ಲಿ ಗ್ರೆವಿಲಿಯಾ ಅಂತ ಬೋರ್ಡ್ ಇರೋ ಗಿಡ ಹುಡುಕಿ. ನಾವು ಮೆಣಸು ಹಬ್ಸೋ ಸಿಲ್ವರ್ ಮರ ಇದೆಯಲ್ಲ, ಗ್ರೆವಿಲಿಯಾ ರೋಬಸ್ಟಾ, ಅದು ಆಸ್ಟ್ರೇಲಿಯಾದ ಪೂರ್ವ ಕರಾವಳಿ ಕಡೆ ಮಳೆಕಾಡಿಂದು, ಮರುಭೂಮಿಯವು ಅದರ ಚಿಕ್ಕ ತಮ್ಮಂದಿರು, ಆಳೆತ್ತರಕ್ಕೆ ನಿಂತುಬಿಡ್ತವೆ, ಎಲೆ ಸೂಜಿ ಥರ. ಹೂ ಬಿಟ್ಟಿದ್ರೆ ಮಾತ್ರ ತಕ್ಷಣ ಗೊತ್ತಾಗತ್ತೆ, ನಮ್ಮ ಸಿಲ್ವರ್ ಹೂವಿನದೇ ಆ ಬ್ರಷ್ ಥರದ ಗೊಂಚಲು, ಅದೇ ಬಗ್ಗಿದ ಎಳೆ, ಒಳಗೆ ಜೇನು ಒಸರ್ತಿರತ್ತೆ. ಅಲ್ಲಿನ ಮೂಲ ಜನ ಆ ಹೂವನ್ನ ಹಾಗೇ ಚೀಪ್ತಿದ್ರು. ಆಮೇಲೆ ಮಲ್ಗಾ ಅಂತ ಒಂದು ಜಾಲಿ ಜಾತಿ. ಅದರ ಎಲೆ, ಕೊಂಬೆ ಎಲ್ಲ ಮೇಲಕ್ಕೆ ಓರೆಯಾಗಿ ನಿಂತಿರತ್ತೆ, ಬಿದ್ದ ಹನಿ ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ಇಳಿದು ಸೀದಾ ಬೇರಿಗೇ ಹೋಗತ್ತೆ. ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ ಆ ಊರಿಗೆ, ನಮ್ಮ ಮೂಡಿಗೆರೆ ಕಡೆ ಜುಲೈ ಜೋರಾದ್ರೆ ಅಷ್ಟನ್ನ ವಾರ ಹತ್ತು ದಿನಕ್ಕೆ ಸುರಿದುಬಿಡತ್ತೆ, ಹಾಗಾಗಿ ಹನಿ ಹನಿಗೂ ಅಷ್ಟು ಲೆಕ್ಕ.

ಅತ್ತಿಗೆಗೆ ಗಿಡ ನೋಡಿ ಬೇಜಾರಾದ್ರೆ ಬೋವರ್‌ಬರ್ಡ್ ಎಲ್ಲಿದೆ ಅಂತ ಅಲ್ಲಿನವರನ್ನ ಕೇಳಿ. ಗಂಡು ಹಕ್ಕಿ ನೆಲದಲ್ಲಿ ಕಡ್ಡಿ ನೆಟ್ಟು ಎದುರುಬದುರು ಎರಡು ಗೋಡೆ ಕಟ್ಟತ್ತೆ, ಮಧ್ಯೆ ಓಣಿ, ಅದರ ಬಾಯಲ್ಲಿ ಬಿಳಿ ಮೂಳೆ ಚೂರು, ಬಸವನಹುಳದ ಚಿಪ್ಪು, ಹಸಿರು ಕಾಯಿ ತಂದು ಹರಡಿರತ್ತೆ. ಇದು ಗೂಡಲ್ಲ, ಹೆಣ್ಣನ್ನ ಕರೆಯೋಕೆ ಮಾಡಿದ ಅಂಗಳ, ಮೊಟ್ಟೆ ಮರಿ ಎಲ್ಲ ಹೆಣ್ಣೇ ಬೇರೆ ಕಡೆ ನೋಡ್ಕೊಳ್ಳತ್ತೆ. ಇನ್ನು ನಮ್ಮ ಪೇಟೆಯಲ್ಲಿ ಲವ್ ಬರ್ಡ್ಸ್ ಅಂತ ಪಂಜರದಲ್ಲಿ ಮಾರ್ತಾರಲ್ಲ ಆ ಹಸಿರು ಪುಟ್ಟ ಗಿಣಿಗಳು, ಜೀಬ್ರಾ ಫಿಂಚ್ ಅನ್ನೋ ಪುಟ್ಟ ಹಕ್ಕಿ, ಎರಡೂ ಆ ಸೀಮೆಯವೇ, ನೀರಿರೋ ಕಡೆ ಕಣ್ಣಿಟ್ಟಿರಿ.

ಅಲ್ಲಿಂದ ಹೊರಗೆ ಬಂದ್ರೆ ಟಾಡ್ ನದಿ. ನದಿ ಅಂದ್ರೆ ಬರೀ ಮರಳು, ಅದರ ನಡುವೆ ದೊಡ್ಡ ದೊಡ್ಡ ನೀಲಗಿರಿ, ರಿವರ್ ರೆಡ್ ಗಮ್ ಅಂತಾರೆ. ಅರಸೀಕೆರೆ ಕಡೆಯವರು ನೀಲಗಿರಿ ನೆಟ್ಟು ಬೋರ್‌ವೆಲ್ ಬತ್ತಿತು ಅಂತ ಬೈಯೋದು ಕೇಳಿದೀವಲ್ಲ, ಅಲ್ಲಿ ಅವು ಮರಳಿನ ಕೆಳಗಿರೋ ನೀರು ಕುಡ್ಕೊಂಡು ಹೊಳೆ ಒಳಗೇ ಆರಾಮಾಗಿ ನಿಂತಿವೆ. ಆ ಮರಳಲ್ಲಿ ಪ್ರತಿ ವರ್ಷ ತಳ ಇಲ್ಲದ ದೋಣಿ ಹೊತ್ಕೊಂಡು ಓಡೋ ರೇಸ್ ಮಾಡ್ತಾರೆ, 1993ರಲ್ಲಿ ಹೊಳೆಗೆ ನೀರು ಬಂದುಬಿಡ್ತು ಅಂತ ದೋಣಿ ರೇಸ್ ಕ್ಯಾನ್ಸಲ್ ಆಗಿತ್ತು!

ಇಷ್ಟಾದ ಮೇಲೂ ಟೈಮ್ ಉಳಿದ್ರೆ, ಗಾಡಿ ಇದ್ರೆ ಮಾತ್ರ, ಊರಿಂದ ಪಶ್ಚಿಮಕ್ಕೆ 18 ಕಿಲೋಮೀಟರ್ ಸಿಂಪ್ಸನ್ಸ್ ಗ್ಯಾಪ್. ಟಾರ್ ರೋಡು, ಎರಡು ಕೆಂಪು ಬಂಡೆ ನಡುವೆ ಸೀಳು, ಕಲ್ಲಿನ ಮೇಲೆ ಕಾಂಗರೂ ಜಾತಿಯ ಪುಟ್ಟ ವಾಲಬಿಗಳು ಕೂತಿರ್ತವೆ. ಹೊರಗಿನವರಿಗೆ ಪಾರ್ಕ್ ಪಾಸ್ ಬೇಕು, ಡಾರ್ವಿನ್ನಲ್ಲೇ ಆನ್‌ಲೈನ್ ತಗೊಂಡಿರಿ. ಒಂದೂವರೆಗೆ ಅಲ್ಲಿಂದ ಹೊರಟುಬಿಡಿ. ಟೆಲಿಗ್ರಾಫ್ ಸ್ಟೇಷನ್, ಡೆಸರ್ಟ್ ಪಾರ್ಕ್ ಎಲ್ಲ ಚೆನ್ನಾಗಿವೆ, ಎಲ್ಲಾನೂ ತುರುಕೋಕೆ ಹೋದ್ರೆ ಟ್ಯಾಕ್ಸಿ ಸೀಟೇ ಜಾಸ್ತಿ ನೋಡಿದಂಗಾಗತ್ತೆ.

ಜುಲೈನಲ್ಲಿ ಅಲ್ಲಿ ಚಳಿಗಾಲ, ಬೆಳಿಗ್ಗೆ ಇಳಿದಾಗ ಸ್ವೆಟರ್ ಬೇಕೇ ಬೇಕು, ಮಧ್ಯಾಹ್ನ ಇಪ್ಪತ್ತು ಡಿಗ್ರಿ ಆಸುಪಾಸು, ಟೋಪಿ ಸಾಕು. ತುಟಿ ಒಡೆಯತ್ತೆ, ನೀರು ಕುಡೀತಾ ಇರಿ. ಹಣ್ಣು ಇಟ್ಕೊಂಡು ಅಡಿಲೇಡ್‌ಗೆ ಹೋಗ್ಬೇಡಿ, ಹಣ್ಣುನೊಣದ ಭಯಕ್ಕೆ ಅಲ್ಲಿ ಒಳಗೆ ಬಿಡಲ್ಲ.

ಇದಕ್ಕಿಂತ ಮುಖ್ಯ, ಇಲ್ಲಿಂದ ಹೊರಡೋ ಮುಂಚೆ ಶೂ ತೊಳೀರಿ. ತೋಟದ ಮಣ್ಣು ಅಂಟಿದ ಶೂ ಅಂದ್ರೆ ಆಸ್ಟ್ರೇಲಿಯಾ ಏರ್‌ಪೋರ್ಟಲ್ಲಿ ದೊಡ್ಡ ರಗಳೆ, ಅಟ್ಟೆಯ ಗೀರಿನೊಳಗೂ ಬ್ರಷ್ ಹಾಕಿ. ಮಗನಿಗೆ ಅಂತ ಕಾಫಿಪುಡಿ, ಚಟ್ನಿಪುಡಿ ಏನೇ ತಗೊಂಡೋದ್ರೂ ಆ ದೇಶಕ್ಕೆ ಇಳಿಯುವಾಗ ತುಂಬೋ ಕಾರ್ಡಲ್ಲಿ ತಿನ್ನೋ ಸಾಮಾನಿದೆ ಅಂತ ಬರೀರಿ, ತೋರ್ಸಿದ್ರೆ ಹೆಚ್ಚಂದ್ರೆ ಎತ್ಕೊಳ್ತಾರೆ, ಮುಚ್ಚಿಟ್ರೆ ದಂಡ. ಕರಿಬೇವು, ಬೀಜ ಬೇಡವೇ ಬೇಡ. ಬರುವಾಗ್ಲೂ ಗ್ರೆವಿಲಿಯಾ ಬೀಜ ಜೇಬಿಗೆ ಇಳಿಸ್ಬೇಡಿ, ನೀವು ಆ ಕೆಲಸ ಮಾಡೋರೇ ಅಂತ ಗೊತ್ತು.